ಒಬ್ಳೇ ಹೋದ್ಯಾ?

ಈ ಪ್ರಶ್ನೆಯನ್ನು ಕಳೆದ ಒಂದು ವರ್ಷದಲ್ಲಿ ಎಷ್ಟು ಜನ ಕೇಳಿದ್ದಾರೆ ಅಂತ ನಾನು ಲೆಕ್ಕ ಇಟ್ಟಿಲ್ಲ. ಅಮ್ಮ ಕೇಳಿದಳು, ರೂಮ್‌ಮೇಟ್ ಕೇಳಿದಳು, ಲ್ಯಾಬ್‌ನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಹುಡುಗ ಕೇಳಿದ, ಇಂಡಿಯನ್ ಅಂಗಡಿಯಲ್ಲಿ ಬಿಲ್ ಹಾಕುವ ಆಂಟಿಯೂ ಕೇಳಿದರು. ಎಲ್ಲರ ದನಿಯೂ ಒಂದೇ ಥರ. ಅರ್ಧ ಗಾಬರಿ, ಅರ್ಧ ಅಯ್ಯೋ ಪಾಪ. "ಏನು ನೋಡಿದೆ?" ಅಂತ ಕೇಳಿದವರು ಒಬ್ಬರೇ, ಮದ್ದೂರು ತಾಲ್ಲೂಕಿನಲ್ಲಿರುವ ನಮ್ಮ ಅಜ್ಜಿ. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಈ ಪುಸ್ತಿಕೆಯಲ್ಲಿ ಪ್ರತಿವರ್ಷ ಒಂದಾದರೂ ಪ್ರವಾಸದ ಲೇಖನ ಇರುತ್ತೆ. ಇದು ಪ್ರವಾಸದ ಲೇಖನ ಅಲ್ಲ, ಅಭಿಪ್ರಾಯ. ನನ್ನ ಅಭಿಪ್ರಾಯ ಇಷ್ಟೇ: ಇಲ್ಲಿಗೆ ಓದಲು ಬರುವ ನಾವು, ಹುಡುಗರಾಗಲಿ ಹುಡುಗಿಯರಾಗಲಿ, ಮೊದಲನೇ ವರ್ಷ ಮುಗಿಯುವುದರೊಳಗೆ ಒಂದು ಸಲವಾದರೂ ಒಬ್ಬರೇ ಊರು ನೋಡಲು ಹೋಗಬೇಕು. ಹಾಗೆ ಹೋಗುವವರಿಗೆ ನಮ್ಮ ಸಂಘ ಬೆನ್ನಿಗೆ ನಿಲ್ಲಬೇಕು. ಯಾಕೆ ಅಂತ ಹೇಳುತ್ತೇನೆ. ಒಪ್ಪದಿದ್ದರೆ ಯುಗಾದಿ ಊಟದ ದಿನ ಸಿಗಿ, ಜಗಳ ಆಡೋಣ.

ಮೊದಲು ನಿಮಗೆಲ್ಲ ಗೊತ್ತಿರುವ ಒಂದು ಕಥೆ. ಆಗಸ್ಟ್‌ನಲ್ಲಿ ಕ್ಲಾಸು ಶುರುವಾದ ಎರಡನೇ ವಾರಕ್ಕೆ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ಹೆಸರು "ಸ್ಯಾನ್ ಡಿಯಾಗೋ ಪಕ್ಕಾ". ಹನ್ನೊಂದು ಜನ. ಶನಿವಾರವೋ ಭಾನುವಾರವೋ ಅಂತ ವೋಟಿಂಗ್ ಆಯಿತು. ಐದು ಐದು ಬಿತ್ತು, ಹನ್ನೊಂದನೆಯವನು ವೋಟೇ ಹಾಕಲಿಲ್ಲ. ಕಾರು ಬಾಡಿಗೆಗೆ ತಗೊಳ್ಳೋಣ ಅಂದರೆ ಲೈಸೆನ್ಸ್ ಇದ್ದದ್ದು ಇಬ್ಬರಿಗೆ, ಇಬ್ಬರಿಗೂ ಇಪ್ಪತ್ತೈದು ತುಂಬಿರಲಿಲ್ಲ, ಅದಕ್ಕೆ ಬೇರೆ ಚಾರ್ಜು. ಆಮೇಲೆ ಮಿಡ್‌ಟರ್ಮ್ ಬಂತು, ಥ್ಯಾಂಕ್ಸ್‌ಗಿವಿಂಗ್ ಬಂತು, ಫೈನಲ್ಸ್ ಬಂತು. ಡಿಸೆಂಬರ್‌ನಲ್ಲಿ ಆ ಗ್ರೂಪಿಗೆ ಬಿದ್ದ ಕೊನೆಯ ಮೆಸೇಜು "ನೆಕ್ಸ್ಟ್ ಸೆಮ್ ಪಕ್ಕಾ ಗುರು". ಅದಕ್ಕೆ ಒಂಬತ್ತು ಜನ ಹೆಬ್ಬೆಟ್ಟು ಒತ್ತಿದರು. ನಾನೂ ಒತ್ತಿದೆ.

ತಪ್ಪು ಯಾರದ್ದೂ ಅಲ್ಲ. ಹನ್ನೊಂದು ಜನರ ಪರೀಕ್ಷೆ, ಪಾರ್ಟ್‌ಟೈಮ್ ಕೆಲಸ, ದುಡ್ಡು, ಮೂಡು, ಇವೆಲ್ಲ ಒಂದೇ ಶನಿವಾರಕ್ಕೆ ಕೂಡಿ ಬರುವುದು ಗ್ರಹಣ ಹಿಡಿದಷ್ಟೇ ಅಪರೂಪ. ಆದರೆ ಅದಕ್ಕೆ ಕಾಯುತ್ತಾ ಕೂತರೆ ಏನಾಗುತ್ತೆ ನೋಡಿ. ಮಾಸ್ಟರ್ಸ್ ಅಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ನಮ್ಮ ಸೀನಿಯರ್ ಒಬ್ಬರು ಕಳೆದ ಮೇನಲ್ಲಿ ಪದವಿ ಮುಗಿಸಿ ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋದರು. ಸಾಮಾನು ಕಟ್ಟುವ ದಿನ ಹೇಳಿದರು, "ನಾನು ಲಾಸ್ ಏಂಜಲೀಸ್‌ನಲ್ಲಿ ಎರಡು ವರ್ಷ ಇದ್ದೆ ಅಂತ ಊರಲ್ಲಿ ಹೇಳ್ತೀನಿ. ನಿಜ ಹೇಳಬೇಕು ಅಂದ್ರೆ ನಾನಿದ್ದದ್ದು ರಿಸೀಡಾ ಬುಲೆವಾರ್ಡ್‌ನಲ್ಲಿ." ನಗುತ್ತಾ ಹೇಳಿದರೂ ಅದು ನಗುವ ಮಾತಾಗಿರಲಿಲ್ಲ.

ನಾವಿರುವ ನಾರ್ತ್‌ರಿಜ್ ಅಂಥಾ ಊರು. ಲೆಕ್ಕಕ್ಕೆ ಲಾಸ್ ಏಂಜಲೀಸ್ ನಗರದ ಒಳಗೇ ಇದೆ, ಆದರೆ ಡೌನ್‌ಟೌನ್ ಇಲ್ಲಿಂದ ಸುಮಾರು 25 ಮೈಲಿ, ನಡುವೆ ಬೆಟ್ಟ. ಹೊರಗಿನವರು ಈ ಊರಿನ ಹೆಸರು ಕೇಳಿರುವುದೇ 1994ರ ಜನವರಿ 17ರ ಭೂಕಂಪದಿಂದ. ಬೆಳಗಿನ ಜಾವ 4.31ಕ್ಕೆ 6.7ರ ತೀವ್ರತೆಯಲ್ಲಿ ನಡುಗಿದಾಗ ನಮ್ಮ ಕ್ಯಾಂಪಸ್ಸಿನ ಪಾರ್ಕಿಂಗ್ ಕಟ್ಟಡವೇ ಕುಸಿದು ಬಿತ್ತು. ಇಲ್ಲಿ ಮನೆ, ಕ್ಲಾಸು, ಅಂಗಡಿ ಎಲ್ಲ ಒಂದೆರಡು ಮೈಲಿಯೊಳಗೆ ಸಿಗುತ್ತೆ. ಹೊರಗೆ ಹೋಗದಿದ್ದರೂ ಬದುಕು ನಡೆಯುತ್ತೆ. ಅದೇ ಅಪಾಯ.

ಡಿಸೆಂಬರ್‌ನಲ್ಲಿ ಸೆಮಿಸ್ಟರ್ ಮುಗಿದು ರೂಮ್‌ಮೇಟ್‌ಗಳು ಅವರವರ ಅಣ್ಣ ಅಕ್ಕಂದಿರ ಮನೆಗೆ ಡಲ್ಲಾಸ್‌ಗೆ, ನ್ಯೂಜೆರ್ಸಿಗೆ ಹೋದರು. ನನಗೆ ಈ ದೇಶದಲ್ಲಿ ನೆಂಟರಿಲ್ಲ. ಮನೆ ಖಾಲಿ. ನಾಲ್ಕು ದಿನ ಸೀರಿಯಲ್ ನೋಡಿದೆ, ಐದನೇ ದಿನ ಸಾರು ಮಾಡಿ ಒಬ್ಬಳೇ ಉಂಡು, ಪಾತ್ರೆ ತೊಳೆಯುವಾಗ ಸುಮ್ಮಸುಮ್ಮನೆ ಅಳು ಬಂತು. ಮನೆಯೊಳಗೇ ಒಬ್ಬಳೇ ಇದ್ದು ಅಳುವುದಾದರೆ ಹೊರಗೆ ಒಬ್ಬಳೇ ಇದ್ದು ಯಾಕೆ ನೋಡಬಾರದು ಅನ್ನಿಸಿತು. ಮಾರನೇ ದಿನ ಶನಿವಾರ.

ರಿಸೀಡಾ ಬುಲೆವಾರ್ಡ್‌ನಲ್ಲಿ ಬಸ್ ಹತ್ತಿ ಜಿ ಲೈನ್ ನಿಲ್ದಾಣಕ್ಕೆ ಹೋದೆ. ಜಿ ಲೈನ್ ಅಂದರೆ ಹಳೇ ರೈಲು ಹಳಿ ಇದ್ದ ಜಾಗದಲ್ಲಿ ಬಸ್ಸಿಗೇ ಅಂತ ಮಾಡಿದ ರಸ್ತೆ. ಅದು ನಾರ್ತ್ ಹಾಲಿವುಡ್‌ಗೆ ಬಿಡುತ್ತೆ. ಅಲ್ಲಿಂದ ಬಿ ಲೈನ್ ಮೆಟ್ರೋ ಬೆಟ್ಟದ ಹೊಟ್ಟೆಯೊಳಗೇ ನುಗ್ಗಿ ಡೌನ್‌ಟೌನ್ ಸೇರುತ್ತೆ. ಟ್ಯಾಪ್ ಕಾರ್ಡ್ ಇದ್ದರೆ ಟಿಕೆಟ್ಟು 1.75 ಡಾಲರ್, ಎರಡು ಗಂಟೆಯೊಳಗೆ ಬಸ್ಸು ರೈಲು ಬದಲಿಸಿದರೂ ಮತ್ತೆ ಕೊಡಬೇಕಿಲ್ಲ, ಇಡೀ ದಿನ ಎಷ್ಟೇ ಓಡಾಡಿದರೂ 5 ಡಾಲರ್ ಮೇಲೆ ಹೋಗಲ್ಲ. ಕಾರಿಲ್ಲದೆ ಎಲ್.ಎ. ನೋಡಕ್ಕಾಗಲ್ಲ ಅಂತ ನಾಲ್ಕು ತಿಂಗಳು ನಂಬಿಕೊಂಡಿದ್ದೆ. ಆಗುತ್ತೆ. ನಿಧಾನವಾಗಿ ಆಗುತ್ತೆ ಅಷ್ಟೇ.

ಎಲ್ಲ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಬೋಗಿಯಲ್ಲಿ ಒಬ್ಬ ಮನುಷ್ಯ ಯಾರನ್ನೋ ಬೈಯುತ್ತಿದ್ದ, ಎದುರಿಗೆ ಯಾರೂ ಇರಲಿಲ್ಲ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಪಕ್ಕದ ಬೋಗಿ ಹತ್ತಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಬೋಗಿಯಲ್ಲಿ ಒಬ್ಬಳು ತಾಯಿ ಮಗುವಿಗೆ ಕಿತ್ತಳೆ ಬಿಡಿಸಿ ಕೊಡುತ್ತಿದ್ದಳು. ಎರಡೂ ಒಂದೇ ರೈಲು.

ಆ ದಿನ ನನಗೆ ಕಷ್ಟವಾದದ್ದು ಮೆಟ್ರೋ ಅಲ್ಲ, ಊಟ. ಗ್ರ್ಯಾಂಡ್ ಸೆಂಟ್ರಲ್ ಮಾರ್ಕೆಟ್ ಅಂತ 1917ರಿಂದ ನಡೆಯುತ್ತಿರುವ ಸಂತೆಯಂಥ ಕಟ್ಟಡ ಇದೆ. ಒಳಗೆ ಹತ್ತಾರು ತಿಂಡಿ ಅಂಗಡಿ. ಎರಡು ಸುತ್ತು ಹಾಕಿದೆ, ಕೂರಲು ಧೈರ್ಯ ಬರಲಿಲ್ಲ. ಮಂಡ್ಯದಲ್ಲಿ ಕಾಲೇಜು ಓದುವಾಗ ನಾನು ಒಂದು ದಿನವೂ ಹೋಟೆಲಿನಲ್ಲಿ ಒಬ್ಬಳೇ ಕೂತು ದೋಸೆ ತಿಂದವಳಲ್ಲ. ಹಸಿವಾದರೂ ಗೆಳತಿ ಬರುವವರೆಗೆ ಕಾಯುತ್ತಿದ್ದೆ, ಇಲ್ಲ ಪಾರ್ಸಲ್ ಕಟ್ಟಿಸುತ್ತಿದ್ದೆ. ಎಂಟು ಸಾವಿರಕ್ಕೂ ಹೆಚ್ಚು ಮೈಲಿ ಹಾರಿ ಬಂದವಳಿಗೆ ಒಂದು ಸ್ಟೂಲ್ ಮೇಲೆ ಕೂರಲು ಆಗುತ್ತಿಲ್ಲ! ಮೂರನೇ ಸುತ್ತಿಗೆ ಕೂತೆ. ಬೀನ್ಸ್ ತುಂಬಿದ ಬುರಿಟೋ ತಿಂದೆ. ಯಾರೂ ನನ್ನನ್ನು ನೋಡಲಿಲ್ಲ. ನೋಡುತ್ತಾರೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದು ನಾನೇ.

ಆಮೇಲೆ ನಡೆದೇ ಸೆಂಟ್ರಲ್ ಲೈಬ್ರರಿಗೆ ಹೋದೆ. 1926ರ ಕಟ್ಟಡ. 1986ರಲ್ಲಿ ಬೆಂಕಿ ಬಿದ್ದು ಸುಮಾರು ನಾಲ್ಕು ಲಕ್ಷ ಪುಸ್ತಕ ಸುಟ್ಟುಹೋದವು, ಮತ್ತೆ ಬಾಗಿಲು ತೆರೆದದ್ದು 1993ರಲ್ಲಿ. ನಾನು ಹೋದ ದಿನ ಅಲ್ಲಿ ಮನೆಯಿಲ್ಲದವರು, ಮಕ್ಕಳು, ಮುದುಕರು ಎಲ್ಲ ಒಂದೇ ಮೇಜಿನ ಸುತ್ತ ಕೂತು ಓದುತ್ತಿದ್ದರು. ಒಂದು ಗಂಟೆ ಕೂತಿದ್ದೆ. ಗ್ರೂಪಿನಲ್ಲಿ ಹೋಗಿದ್ದರೆ ಯಾರಾದರೂ "ಲೈಬ್ರರಿನಾ? ಕ್ಯಾಂಪಸ್ಸಲ್ಲೇ ಇದ್ಯಲ್ಲ" ಅಂತಿದ್ದರು, ನಾನೂ ಹ್ಞೂಂ ಅಂತಿದ್ದೆ. ನನ್ನ ಮೊದಲ ಕಾರಣ ಇದು. ಒಬ್ಬರೇ ಹೋದಾಗ ನಮಗೆ ಏನು ಇಷ್ಟ ಅನ್ನುವುದು ನಮಗೇ ಗೊತ್ತಾಗುತ್ತೆ. ನನಗೆ ಇಪ್ಪತ್ತಮೂರು ವರ್ಷ ಗೊತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಆರಿಸಿದರು, ಕಾಲೇಜಲ್ಲಿ ಗೆಳತಿಯರು ಆರಿಸಿದರು, ಇಲ್ಲಿ ವೋಟಿಂಗ್ ಆರಿಸುತ್ತಿತ್ತು.

ಜನವರಿಯ ಒಂದು ಶನಿವಾರ ಸ್ಯಾನ್ ಡಿಯಾಗೋಗೆ ಹೋದೆ. ಆ ಗ್ರೂಪಿನಲ್ಲಿ ಹೇಳಲಿಲ್ಲ. ಅಮ್ಮನಿಗೆ "ರೂಮ್‌ಮೇಟ್ಸ್ ಜೊತೆ ಹೋಗ್ತಿದೀನಿ" ಅಂದೆ. ಈ ಲೇಖನದಲ್ಲಿ ನನಗೆ ನಾಚಿಕೆಯಾಗುವ ಸಾಲು ಅದೊಂದೇ.

1939ರ ಯೂನಿಯನ್ ಸ್ಟೇಷನ್‌ನಿಂದ ಪೆಸಿಫಿಕ್ ಸರ್ಫ್‌ಲೈನರ್ ರೈಲು. ಸುಮಾರು 128 ಮೈಲಿ, ಮೂರು ಗಂಟೆ. ಬೆಂಗಳೂರಿನಿಂದ ಹಾಸನಕ್ಕೆ ಹೋದ ಹಾಗೆ ಅಂದುಕೊಳ್ಳಿ, ಸ್ವಲ್ಪ ಮುಂದೆ. ಹೋಗುವಾಗ ಬಲಗಡೆ ಕೂರಿ. ಸ್ಯಾನ್ ಕ್ಲೆಮೆಂಟಿ ಹತ್ತಿರ ಹಳಿ ಸಮುದ್ರದ ಅಂಚಿಗೇ ಬರುತ್ತೆ. ಎಷ್ಟು ಹತ್ತಿರ ಅಂದರೆ ಅಲ್ಲಿ ಗುಡ್ಡ ಕುಸಿದು ಈಚಿನ ವರ್ಷಗಳಲ್ಲಿ ಎಷ್ಟೋ ಸಲ ರೈಲು ನಿಲ್ಲಿಸಬೇಕಾಗಿ ಬಂದಿದೆ. ಹೊರಡುವ ಮುಂಚೆ ರೈಲು ಓಡುತ್ತಿದೆಯಾ ಅಂತ ನೋಡಿಕೊಂಡೇ ಹೊರಡಿ.

ಓಲ್ಡ್ ಟೌನ್‌ನಲ್ಲಿ ಇಳಿದು ಬಸ್ಸಿನಲ್ಲಿ ಲಾ ಹೋಯಾ ತೀರಕ್ಕೆ ಹೋದೆ. ಬರೆಯುವುದು ಜೆ, ಎರಡು ಎಲ್ಲು, ಹೇಳುವುದು ಹೋಯಾ. ಬಂಡೆಗಳ ಮೇಲೆ ಸಮುದ್ರ ಸಿಂಹಗಳು ಮಲಗಿದ್ದವು. ಅವುಗಳ ನಾತ ರಸ್ತೆಯವರೆಗೂ ಬರುತ್ತೆ, ಫೋಟೋದಲ್ಲಿ ಅದು ಬರಲ್ಲ. ನಾನು ನಿಂತದ್ದು ಮಾತ್ರ ಹಕ್ಕಿಗಳ ಮುಂದೆ. ಉದ್ದ ಕೊಕ್ಕು, ಕೊಕ್ಕಿನ ಕೆಳಗೆ ಚೀಲ, ಆ ಚೀಲ ಜನವರಿಯಲ್ಲಿ ಕೆಂಪಗೆ ಮೆಣಸಿನಕಾಯಿ ಥರ. ಕಂದು ಪೆಲಿಕನ್. ಒಂದು ಕಾಲದಲ್ಲಿ ಡಿಡಿಟಿ ವಿಷದಿಂದ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ, ಕಾವು ಕೊಡಲು ಕೂತರೆ ಒಡೆದುಹೋಗಿ, ಈ ಹಕ್ಕಿ ಕ್ಯಾಲಿಫೋರ್ನಿಯಾ ತೀರದಿಂದಲೇ ಅಳಿಯುವ ಹಾಗಿತ್ತು. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ನಿಷೇಧವಾಯಿತು. 2009ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಈ ಹಕ್ಕಿಯ ಹೆಸರು ತೆಗೆದರು. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ಅಲ್ಲಿ ನಿಂತಾಗ ನನಗೆ ಬಂದ ಯೋಚನೆ ಬೇರೆ. ಇದನ್ನು ನಾನು ನೋಡಿದ್ದೇನೆ. ಎಲ್ಲಿ?

ಸಂಜೆ ನಾಲ್ಕಕ್ಕೆ ಓಲ್ಡ್ ಟೌನ್‌ನಲ್ಲಿ ಟ್ರಾಲಿ ಹತ್ತಿ ಅಜ್ಜಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಐದೂವರೆ, ಅವರು ಎದ್ದಿರುತ್ತಾರೆ. ಹಕ್ಕಿಯ ಬಣ್ಣನೆ ಶುರು ಮಾಡಿದೆ. ಪೆಲಿಕನ್ ಅಂದರೆ ಅವರಿಗೆ ಗೊತ್ತಾಗಬೇಕಲ್ಲ? "ದೊಡ್ ಹಕ್ಕಿ ಅಜ್ಜಿ, ಕೊಕ್ಕಿನ ಕೆಳ್ಗೆ ಸಂಚಿ ಥರ..." ಅನ್ನುವಷ್ಟರಲ್ಲಿ ಅಜ್ಜಿ ತಡೆದರು. "ಹೆಜ್ಜಾರ್ಲೆ ಅಲ್ವೇನವ್ವ? ನಮ್ ಬೆಳ್ಳೂರಲ್ಲಿ ಹುಣ್ಸೆ ಮರದ್ ಮ್ಯಾಲೆ ಗೂಡ್ ಕಟ್ತವಲ್ಲ, ಅವೇಯ."

ಅದೇ! ಕೊಕ್ಕರೆ ಬೆಳ್ಳೂರು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಅಲ್ಲಿ ಯಾರದೋ ಮದುವೆಗೆ ಹೋದಾಗ ಮನೆಗಳ ನಡುವಿನ ಮರದ ಮೇಲೆ ನೋಡಿದ್ದೆ. ಅಲ್ಲಿಯವು ಬೂದು ಬಣ್ಣದವು, ನೀರಿನ ಮೇಲೆ ತೇಲುತ್ತಾ ಮೀನು ಬಾಚುತ್ತವೆ. ಇಲ್ಲಿಯವು ಮೇಲಿನಿಂದ ಕಲ್ಲು ಬಿದ್ದ ಹಾಗೆ ಸಮುದ್ರಕ್ಕೆ ಬೀಳುತ್ತವೆ. ಆ ವ್ಯತ್ಯಾಸವನ್ನು ಅಜ್ಜಿಗೆ ಹೇಳಿದೆ. "ಏಟ್ ಮೇಲಿಂದ?" ಅಂದರು. "ನಮ್ಮ ತೆಂಗಿನ ಮರದಷ್ಟು" ಅಂದೆ. "ನೋವಾಗಕಿಲ್ವಾ ಅದ್ಕೆ?" ಅಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆವು. ಈ ದೇಶಕ್ಕೆ ಬಂದ ಮೇಲೆ ಅಷ್ಟು ಹೊತ್ತು ಒಂದೇ ಉಸಿರಿಗೆ ಕನ್ನಡ ಮಾತಾಡಿದ್ದು ಅದೇ ಮೊದಲು.

ಇದು ನನ್ನ ಎರಡನೇ ಕಾರಣ, ಕನ್ನಡ ಸಂಘದ ಪುಸ್ತಿಕೆಯಲ್ಲಿ ಇದನ್ನು ಹೇಳಲೇಬೇಕು. ನಮ್ಮ ಟ್ರಿಪ್ಪುಗಳಲ್ಲಿ ನಾಲ್ಕು ಭಾಷೆಯವರು ಇರುತ್ತಾರೆ, ಇಂಗ್ಲಿಷು ಹಿಂದಿ ಕಲಸಿ ಮಾತಾಡುತ್ತೇವೆ, ಅದು ಸಹಜ. ನೋಡಿದ್ದಕ್ಕೆಲ್ಲ "ವಾವ್" ಅಂದರೆ ಮುಗಿಯಿತು, ಪಕ್ಕದವರೂ ಅದನ್ನೇ ನೋಡುತ್ತಿದ್ದಾರಲ್ಲ! ಒಬ್ಬಳೇ ಹೋದಾಗ ನೋಡಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು ಅಂದರೆ ಮಾತಿನಲ್ಲೇ ಹೇಳಬೇಕು. ಆಗ ಹೆಜ್ಜಾರ್ಲೆ ಅಂಥ ಪದ ಬೇಕಾಗುತ್ತೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ 'ಅಮೇರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಕ್ಕಳನ್ನು ನೋಡಲು ಬಂದ ಹಿರಿಯರೊಬ್ಬರು ಈ ದೇಶವನ್ನು ಕಂಡ ಬಗೆ ಅದು. ವಿದ್ಯಾರ್ಥಿಗಳಾಗಿ ಬಸ್ಸು ಹತ್ತಿಳಿದು, ಲೆಕ್ಕ ಹಾಕಿ ಖರ್ಚು ಮಾಡುವ ನಾವು ಕಾಣುವ ಅಮೆರಿಕ ಬೇರೆ. ಅದನ್ನು ಕನ್ನಡದಲ್ಲಿ ಬರೆಯಬೇಕಾದವರು ನಾವೇ. ಅದಕ್ಕೆ ಮೊದಲು ಹೋಗಿ ನೋಡಬೇಕು.

ಈಗ ಆ ದಿನದ ಉಳಿದ ಕಥೆ. ನನ್ನ ವಾದಕ್ಕೆ ಇದು ಅನುಕೂಲ ಅಲ್ಲ, ಆದರೂ ಹೇಳುತ್ತೇನೆ.

ಅಜ್ಜಿಯ ಹತ್ತಿರ ಮಾತಾಡುತ್ತಾ ನಾನು ಇಳಿಯಬೇಕಿದ್ದ ಸ್ಯಾಂಟಾ ಫೆ ಡಿಪೋ ದಾಟಿಹೋಯಿತು. ಫೋನ್ ಇಟ್ಟ ಮೇಲೆ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದ ಆಯಾಸಕ್ಕೆ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ. ಎಚ್ಚರವಾದಾಗ ಹೊರಗೆ ಕತ್ತಲು, ರೈಲು ನಿಂತಿತ್ತು, ಎಲ್ಲರೂ ಚೀಲ ಎತ್ತಿಕೊಂಡು ಇಳಿಯುತ್ತಿದ್ದರು. ನಾನೂ ಇಳಿದೆ. ಬೋರ್ಡು ನೋಡಿದೆ. ಸ್ಯಾನ್ ಇಸಿಡ್ರೋ. ಬ್ಲೂ ಲೈನಿನ ಕೊನೆಯ ನಿಲ್ದಾಣ. ಎದುರಿಗೇ ಮೆಕ್ಸಿಕೋ ಗಡಿ, ಆಚೆಗೆ ಟಿಹುವಾನಾ ಊರಿನ ದೀಪಗಳು.

ನಮ್ಮಂಥ ಎಫ್-1 ವೀಸಾದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜನ ಸಾಲಾಗಿ ನಡೆದು ಹೋಗುತ್ತಿದ್ದರು. ಅವರ ಹಿಂದೆ ಹೋದರೆ ಆ ಕಡೆ ತಲುಪುವುದು ಸುಲಭ. ವಾಪಸ್ ಬರಲು ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ಯೂನಿವರ್ಸಿಟಿಯವರು ಪ್ರಯಾಣಕ್ಕೆ ಸಹಿ ಹಾಕಿದ ಐ-20 ಬೇಕು. ನನ್ನ ಪಾಸ್‌ಪೋರ್ಟ್, ಐ-20 ಎರಡೂ ನಾರ್ತ್‌ರಿಜ್‌ನ ರೂಮಿನಲ್ಲಿ, ಅಕ್ಕಿ ಡಬ್ಬದ ಮೇಲಿನ ಕಪಾಟಿನಲ್ಲಿ. ಫೋನಿನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜು. ಅಪ್ಪನ ನಂಬರ್ ಬಿಟ್ಟು ಬೇರೆ ಯಾರದ್ದೂ ಬಾಯಿಪಾಠ ಇಲ್ಲ.

ಪ್ಲಾಟ್‌ಫಾರಂ ಮೇಲೆ ಕಲ್ಲಿನ ಥರ ನಿಂತುಬಿಟ್ಟೆ. ಎರಡು ಕೈಯಲ್ಲೂ ಚೀಲ ಹಿಡಿದಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಮುಖ ನೋಡಿ "ಮೆಹಿಕೋ?" ಅಂದರು. ತಲೆ ಅಲ್ಲಾಡಿಸಿದೆ. ಅವರು ಒಂದು ಚೀಲ ಕೆಳಗಿಟ್ಟು, ನಾನು ಇಳಿದ ರೈಲನ್ನೇ ತೋರಿಸಿ, ಕೈಯಲ್ಲಿ ಅದು ತಿರುಗಿ ಹೋಗುತ್ತೆ ಅಂತ ಸನ್ನೆ ಮಾಡಿದರು. ನಾನು ಹತ್ತಿ ಕೂರುವವರೆಗೂ ನಿಂತಿದ್ದರು. ಥ್ಯಾಂಕ್ಸ್ ಹೇಳಿದೆನಾ ಇಲ್ಲವಾ ನೆನಪಿಲ್ಲ.

ನಾನು ಹಿಡಿಯಬೇಕು ಅಂದುಕೊಂಡಿದ್ದ ರೈಲು ಹೋಗಿಯಾಗಿತ್ತು. ಮುಂದಿನದರಲ್ಲಿ ಯೂನಿಯನ್ ಸ್ಟೇಷನ್ ತಲುಪಿದಾಗ ರಾತ್ರಿ ಹತ್ತು ದಾಟಿತ್ತು. ರೈಲಿನಲ್ಲಿ ಚಾರ್ಜ್ ಮಾಡಿದ ಫೋನಿನಿಂದ ನಮ್ಮ ಸಂಘದ ಒಬ್ಬ ಅಕ್ಕನಿಗೆ ಫೋನ್ ಮಾಡಿದೆ. "ಅಲ್ಲೇ ಒಳಗೆ ಬೆಳಕಿರೋ ಕಡೆ ಕೂತಿರು, ಬರ್ತೀನಿ" ಅಂದರು. ನಲವತ್ತು ನಿಮಿಷದಲ್ಲಿ ಬಂದರು, ನೈಟ್ ಪ್ಯಾಂಟಿನಲ್ಲೇ. ದಾರಿಯುದ್ದಕ್ಕೂ ಬೈಯಲಿಲ್ಲ. ಮನೆ ಮುಂದೆ ಇಳಿಸಿ ಒಂದೇ ಮಾತು ಹೇಳಿದರು: "ಮುಂದಿನ ಸಲ ಹೋಗೋಕೆ ಮುಂಚೆ ಹೇಳು, ಬಂದ್ಮೇಲೆ ಅಲ್ಲ."

ನೋಡಿ, ಒಬ್ಬಳೇ ಹೋದೆ ಹೋದೆ ಅಂತ ಇಷ್ಟು ಹೊತ್ತು ಕೊಚ್ಚಿಕೊಂಡೆ. ಆದರೆ ಹೆಸರು ಗೊತ್ತಿಲ್ಲದ ಒಬ್ಬ ಅಜ್ಜಿ, ನೈಟ್ ಪ್ಯಾಂಟಿನ ಒಬ್ಬ ಅಕ್ಕ ಇಲ್ಲದಿದ್ದರೆ ಆ ದಿನ ಏನಾಗುತ್ತಿತ್ತೋ. ಸೋಲೋ ಟ್ರಾವೆಲ್ ಅಂತ ಇನ್‌ಸ್ಟಾಗ್ರಾಂನಲ್ಲಿ ಬೆನ್ನು ತೋರಿಸಿ ಸೂರ್ಯನನ್ನು ನೋಡುವ ಫೋಟೋಗಳಲ್ಲಿ ಇವರಿಬ್ಬರೂ ಕಾಣುವುದಿಲ್ಲ. ಯಾರ ಹಂಗೂ ಇಲ್ಲದೆ ಹೋಗಿ ಬಂದೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಇದರಿಂದ ಕೆಲವರು ತಿಳಿಯಬಹುದಾದದ್ದು, "ಅದಕ್ಕೇ ಹೇಳಿದ್ದು, ಒಬ್ಬರೇ ಹೋಗಬಾರದು ಅಂತ." ನನ್ನ ರೂಮ್‌ಮೇಟ್ ಹಾಗೇ ಅಂದಳು. ಅವಳ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹುಡುಗಿಯರಿಗೆ ಭಯ ಕಲ್ಪನೆಯದ್ದಲ್ಲ, ಅದು ಊರಿನಲ್ಲೂ ಇದೆ, ಇಲ್ಲೂ ಇದೆ. ಆದರೆ ಆ ದಿನ ನಡೆದದ್ದನ್ನು ಬಿಡಿಸಿ ನೋಡಿದರೆ ತಪ್ಪಾದದ್ದು ಒಬ್ಬಳೇ ಹೋದದ್ದರಿಂದ ಅಲ್ಲ, ಯಾರಿಗೂ ಹೇಳದೆ ಹೋದದ್ದರಿಂದ. ನಾನು ಎಲ್ಲಿದ್ದೇನೆ ಅಂತ ಗೊತ್ತಿದ್ದ ಒಬ್ಬರು ಇದ್ದಿದ್ದರೆ, ಐದು ಗಂಟೆಗೆ ಒಂದು "ಎಲ್ಲಿದ್ಯಾ?" ಅಂತ ಫೋನ್ ಬಂದಿದ್ದರೆ, ನಿದ್ದೆಯಿಂದ ಎದ್ದಿರುತ್ತಿದ್ದೆ. ಸುಳ್ಳು ಹೇಳಿದ್ದರಿಂದ ಆ ಫೋನ್ ಬರಲಿಲ್ಲ. ನಾವು ಸುಳ್ಳು ಹೇಳುವುದು ಯಾಕೆ? ನಿಜ ಹೇಳಿದರೆ ಬಿಡುವುದಿಲ್ಲ ಅಂತ. ಬಿಡದಿರುವುದರಿಂದ ಹುಡುಗಿಯರು ಹೋಗುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತೆ. ಇದನ್ನು ಈ ಪುಸ್ತಿಕೆ ಓದುವ ಅಪ್ಪ ಅಮ್ಮಂದಿರೂ ದಯವಿಟ್ಟು ಯೋಚಿಸಬೇಕು.

ಅಮ್ಮನಿಗೆ ವಿಷಯ ಗೊತ್ತಾಯಿತು. ಅಜ್ಜಿ ಹೇಳಿಬಿಟ್ಟಿದ್ದರು, "ಮೊಮ್ಮಗ್ಳು ಒಬ್ಳೇ ಸಮುದ್ರಕ್ಕೆ ಹೋಗಿ ಹೆಜ್ಜಾರ್ಲೆ ನೋಡ್ಕಂಡ್ ಬಂದ್ಳು" ಅಂತ, ಹೆಮ್ಮೆಯಿಂದ. ಅಮ್ಮ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಮಾಡಿದಳು. "ಒಬ್ಳೇ ಹೋದ್ಯಾ?" ಅಂದಳು. ಹ್ಞೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ದನಿ ತಗ್ಗಿಸಿದಳು. ಅಪ್ಪ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದರು ಅಂತ ಕಾಣುತ್ತೆ. "ನಾನೂ ಹೋಗಿದ್ದೆ ಕಣೇ. ನಿಮ್ಮಪ್ಪಂಗೆ ಪಕ್ಕದ್ ಮನೆಯವ್ರ ಜೊತೆ ಅಂತ ಹೇಳಿದ್ದೆ."

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಟಿಕೆಟ್ ಫ್ರೀ. ಆ ವರ್ಷ ಅಮ್ಮ ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ ತಗೊಂಡು ಒಬ್ಬಳೇ ಧರ್ಮಸ್ಥಳಕ್ಕೆ ಹೋಗಿದ್ದಳಂತೆ. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಅದೇ ಮೊದಲ ಸಲ. ಜೊತೆಗೆ ಬರುತ್ತೇನೆ ಅಂದಿದ್ದ ಪಕ್ಕದ ಮನೆಯವರು ಹಿಂದಿನ ರಾತ್ರಿ ಕೈಕೊಟ್ಟರು. "ಹೋಗ್ದೆ ಇರೋಣ ಅನ್ಸ್ತು. ಆಮೇಲೆ ಬುತ್ತಿ ಕಟ್ಟಾಗಿತ್ತಲ್ಲ, ಹೋದೆ" ಅಂದಳು. ಶಿರಾಡಿ ಘಾಟಿಯಲ್ಲಿ ಕಿಟಕಿ ಪಕ್ಕ ಕೂತು ಮಳೆ ನೋಡಿದ್ದನ್ನು ಹೇಳುವಾಗ ಅವಳ ದನಿ ನನ್ನ ವಯಸ್ಸಿನದ್ದಾಗಿತ್ತು. ವಾಟ್ಸಾಪ್ ಗ್ರೂಪ್ ಕೈಕೊಟ್ಟಿದ್ದಕ್ಕೆ ಮಗಳು, ಪಕ್ಕದ ಮನೆಯವರು ಕೈಕೊಟ್ಟಿದ್ದಕ್ಕೆ ಅಮ್ಮ. ಇಬ್ಬರೂ ಸುಳ್ಳು ಹೇಳಿಯೇ ಹೋದದ್ದು.

ಸೋಲೋ ಟ್ರಾವೆಲ್ ಅನ್ನುವುದು ವಿದೇಶಿ ಚಾಳಿ, ದುಡ್ಡಿರುವವರ ಶೋಕಿ ಅಂತ ಹೇಳುವವರಿಗೆ ನನ್ನ ಉತ್ತರ ಇದೇ. ಮೊಳಕಾಲಿನ ಮೇಲೆ ಬುತ್ತಿ ಇಟ್ಟುಕೊಂಡು, ಯಾರ ಕೈಯನ್ನೂ ಕಾಯದೆ ಬಸ್ ಹತ್ತುವ ಹೆಂಗಸರು ನಮ್ಮೂರಲ್ಲೇ ಇದ್ದಾರೆ. ಅವರದ್ದಕ್ಕೆ ಯಾರೂ ಆ ಹೆಸರಿಟ್ಟಿಲ್ಲ ಅಷ್ಟೇ.

ಹುಡುಗರಿಗೂ ಒಂದು ಮಾತು. ನಿಮ್ಮನ್ನು ಯಾರೂ "ಒಬ್ನೇ ಹೋದ್ಯಾ?" ಅಂತ ಗಾಬರಿಯಿಂದ ಕೇಳುವುದಿಲ್ಲ. ಆದರೂ ನೀವು ಹೋಗುವುದಿಲ್ಲ, ನಾನು ನೋಡಿದ್ದೇನೆ. ಒಬ್ಬನೇ ಕೂತು ತಿನ್ನಲು ನಿಮಗೂ ಸಂಕೋಚ, ಇಂಗ್ಲಿಷ್‌ನಲ್ಲಿ ದಾರಿ ಕೇಳಲು ನಿಮಗೂ ಭಯ. ಹುಡುಗಿಯರಿಗೆ ಅದನ್ನು ಹೇಳಿಕೊಳ್ಳುವ ಅವಕಾಶವಾದರೂ ಇದೆ. ನಿಮಗೆ ಅದೂ ಇಲ್ಲ.

ಹೋಗುವವರಿಗೆ, ನಾನು ಪೆಟ್ಟು ತಿಂದು ಕಲಿತದ್ದು: ಮೊದಲ ಸಲ ದೂರ ಹೋಗಬೇಡಿ, ಬೆಳಕಿರುವಾಗಲೇ ವಾಪಸ್ ಬರುವ ಜಾಗಕ್ಕೆ ಹೋಗಿ. ಗ್ರಿಫಿತ್ ಅಬ್ಸರ್ವೇಟರಿ ಆಗಬಹುದು, ಗೆಟ್ಟಿ ಸೆಂಟರ್ ಆಗಬಹುದು, ಎರಡಕ್ಕೂ ಪ್ರವೇಶ ಉಚಿತ. ಮೂರು ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಐ-94ರ ಪ್ರಿಂಟು, ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ, ಗಡಿಯ ಕಡೆ ಹೋಗುವ ಹಾಗಿದ್ದರೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನವರನ್ನು ಮೊದಲೇ ಕೇಳಿ. ಕೊನೆಯ ಗಳಿಗೆಯಲ್ಲಿ ಊಬರ್ ಹಿಡಿಯಬೇಕಾಗಿ ಬಂದರೆ ಅದಕ್ಕೆ ಬೇಕಾದ ದುಡ್ಡನ್ನು ಟಿಕೆಟ್ಟಿನ ಖರ್ಚು ಅಂತಲೇ ಲೆಕ್ಕ ಹಾಕಿ. ಅದು ಇಲ್ಲದಿದ್ದರೆ ಆ ವಾರ ಹೋಗಬೇಡಿ. ಟ್ರಾಲಿಯಲ್ಲಿ ನಿದ್ದೆ ಮಾಡಬೇಡಿ.

ಕೊನೆಗೆ ನಮ್ಮ ಸಂಘಕ್ಕೆ ನನ್ನ ಬೇಡಿಕೆ. ಪ್ರತಿವರ್ಷ ಹೊಸಬರಿಗೆ ನಾವು ಪಿಕ್ನಿಕ್ ಮಾಡುತ್ತೇವೆ, ಬಿಸಿಬೇಳೆಬಾತ್ ಹಾಕುತ್ತೇವೆ, ಅಂತ್ಯಾಕ್ಷರಿ ಆಡುತ್ತೇವೆ. ಅದು ಇರಲಿ. ಅದರ ಜೊತೆಗೆ ಇನ್ನೊಂದು ಮಾಡೋಣ. ಪ್ರತಿ ಶನಿವಾರ ಭಾನುವಾರ ಸೀನಿಯರ್‌ಗಳಲ್ಲಿ ಒಬ್ಬರ ಪಾಳಿ ಇರಲಿ. ಒಬ್ಬರೇ ಹೊರಗೆ ಹೋಗುವವರು ಅವರಿಗೊಂದು ಮೆಸೇಜ್ ಹಾಕಲಿ: ಎಲ್ಲಿಗೆ, ಯಾವ ರೈಲು, ಎಷ್ಟೊತ್ತಿಗೆ ವಾಪಸ್. ಸಂಜೆ ಆ ಸೀನಿಯರ್ ಒಂದು ಫೋನ್ ಮಾಡಲಿ. ಯಾಕೆ ಹೋದೆ ಅಂತ ಕೇಳಬಾರದು, ಎಲ್ಲಿದ್ದೀಯಾ ಅಂತ ಮಾತ್ರ ಕೇಳಬೇಕು. ಇದಕ್ಕೆ ಖರ್ಚಿಲ್ಲ, ಹಾಲ್ ಬುಕ್ ಮಾಡಬೇಕಿಲ್ಲ. ಮೊದಲ ಪಾಳಿಗೆ ನಾನೇ ಹೆಸರು ಕೊಡುತ್ತೇನೆ, ಎರಡನೇ ಪಾಳಿಗೆ ನೈಟ್ ಪ್ಯಾಂಟಿನ ಅಕ್ಕನನ್ನು ಒಪ್ಪಿಸಿದ್ದೇನೆ. ಹೋಗಿ ಬಂದವರು ಮುಂದಿನ ವರ್ಷದ ಈ ಪುಸ್ತಿಕೆಗೆ ತಲಾ ಒಂದು ಪುಟ ಬರೆಯಲಿ, ಕನ್ನಡದಲ್ಲಿ.

"ಸ್ಯಾನ್ ಡಿಯಾಗೋ ಪಕ್ಕಾ" ಗ್ರೂಪ್ ಇನ್ನೂ ಇದೆ. ನಾನು ಬಿಟ್ಟಿಲ್ಲ. ಯಾವತ್ತಾದರೂ ಹನ್ನೊಂದು ಜನರೂ ಹೊರಟರೆ ನಾನೂ ಬರುತ್ತೇನೆ, ಹೆಜ್ಜಾರ್ಲೆಗಳು ಕೂರುವ ಬಂಡೆ ತೋರಿಸುತ್ತೇನೆ. ಅಲ್ಲಿಯವರೆಗೆ, ಮುಂದಿನ ತಿಂಗಳು ಅಮ್ಮ ಒಬ್ಬಳೇ ಹೊರನಾಡಿಗೆ ಹೋಗುವವಳಿದ್ದಾಳೆ. ಈ ಸಲ ಅಪ್ಪನಿಗೆ ಹೇಳಿಯೇ ಹೋಗುತ್ತಾಳಂತೆ. ಸಂಜೆ ಆರಕ್ಕೆ ಫೋನ್ ಮಾಡಬೇಕಾದವಳು ನಾನು. ಇಲ್ಲಿ ಆಗ ಬೆಳಗಿನ ಜಾವ, ಅಲಾರಂ ಇಟ್ಟಿದ್ದೇನೆ.